ಆಮೇಲಪ್ಪನ ಈಜು

ಮನೆಯವರು ಇಟ್ಟ ಹೆಸರು ಬೇರೆ, ಬೀದಿ ಇಟ್ಟದ್ದು ಆಮೇಲಪ್ಪ. ಊಟಕ್ಕೆ ಬಾ ಎಂದರೆ ಆಮೇಲೆ, ಸ್ನಾನ ಮಾಡು ಎಂದರೆ ಆಮೇಲೆ. ಹೆಸರಿಟ್ಟವರನ್ನು ಬೈಯುವ ಹಾಗಿಲ್ಲ, ಬೀದಿಗೆ ಕಂಡದ್ದು ಅಷ್ಟೇ. ಒಂದು ಕಾಲಕ್ಕೆ ಅವನು ಹೆಣೆದ ಬೆತ್ತದ ಕುರ್ಚಿಯ ಮೇಲೆ ಆನೆ ಕೂತರೂ ಜಗ್ಗುವುದಿಲ್ಲ ಎನ್ನುತ್ತಿದ್ದರು. ಹರೆಯದಲ್ಲಿ ಸ್ಕಿಜೋಫ್ರೇನಿಯಾ ಬಂತು. ಯಾರಿಗೂ ಕೇಳಿಸದ ದನಿಗಳು ಅವನನ್ನು ಹಗಲಿರುಳು ಬೈದವು. ಮಾತ್ರೆ ನುಂಗಿ ನುಂಗಿ ಆ ದನಿಗಳೇನೋ ಬಾಯಿ ಮುಚ್ಚಿದವು. ಎಲ್ಲರೂ ಉಸ್ಸಪ್ಪಾ ಎಂದರು. ಆದರೆ ದನಿಗಳು ಹೋದ ಮೇಲೂ ಅವನು ಕೂತಲ್ಲಿಂದ ಏಳಲಿಲ್ಲ.

ಇದ್ದದ್ದು ಅಕ್ಕನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಭಾವನ ಕುರ್ಚಿ ರಿಪೇರಿ ಅಂಗಡಿ. ಭಾವ ಕೆಟ್ಟವನಲ್ಲ, ಬೈದು ಬೈದು ಸಾಕಾಗಿ ಬೇರೆ ದಾರಿ ಹಿಡಿದ. ಭಾಮೈದನಿಗೆ ಚಿಕ್ಕಂದಿನಿಂದ ಈಜೆಂದರೆ ಪ್ರಾಣ.

"ನೋಡೋ, ಈ ಒಂದು ಕುರ್ಚಿ ಮುಗಿಸು. ಭಾನುವಾರ ಈಜುಕೊಳಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ಹೊಸ ಚಡ್ಡಿನೂ ಕೊಡಿಸ್ತೀನಿ."

"ಹೂಂ ಭಾವ," ಎಂದ. ಸುಳ್ಳಲ್ಲ, ಬೆತ್ತ ನೆನೆಹಾಕಿದ್ದೂ ಅವನೇ. ಎಳೆಯನ್ನು ಕೈಯಲ್ಲಿ ಹಿಡಿದು ಚೌಕಟ್ಟಿನ ತೂತುಗಳನ್ನು ನೋಡುತ್ತ ಕೂತ. ಒಂದರಲ್ಲಿ ತೂರಿಸಿ, ಬಿಗಿಯಾಗಿ ಎಳೆದು, ಇನ್ನೊಂದರಿಂದ ತೆಗೆಯಬೇಕು. ಕೈಗೆ ಗೊತ್ತಿದ್ದ ಕೆಲಸವೇ. ಆದರೆ ಈಜುಕೊಳವನ್ನು ಎಷ್ಟು ನೆನೆದರೂ ಆ ನೀರು ತಣ್ಣಗೂ ಇರಲಿಲ್ಲ, ಒದ್ದೆಯೂ ಇರಲಿಲ್ಲ, ಬರೀ ಮಾತಾಗಿತ್ತು. ಬೆತ್ತ ಕೈಯಲ್ಲೇ ಒಣಗಿತು. "ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲದು," ಎಂದು ಗಿರಾಕಿಯೊಬ್ಬ ಗೋಡೆಗೆ ಹೇಳುವಂತೆ ಹೇಳಿ ಹೋದ. ಆಮೇಲಪ್ಪನ ಕಿವಿ ಬಿಸಿಯಾಯಿತು, ಕೈ ಮಾತ್ರ ಏಳಲಿಲ್ಲ.

ಶನಿವಾರ ಭಾವ ಸಾಮಾನು ತರಲು ಹೋದಾಗ ಅಕ್ಕ ಅಂಗಡಿಯ ಬಾಗಿಲು ಹಾಕಿ ಕುರ್ಚಿಯನ್ನು ತನ್ನತ್ತ ಎಳೆದುಕೊಂಡಳು.

"ನೀನು ಸುಮ್ನಿರು. ಅವರ ಬಾಯಿಗೆ ಬೀಳೋದು ಬೇಡ."

ತಾನೇ ಹೆಣೆದಳು. ಅವನು ಎದುರಿಗೇ ಕೂತು ನೋಡಿದ. ಬೆತ್ತದ ಅಂಚು ತಾಗಿ ಅವಳ ಬೆರಳು ಸೀಳಿ ರಕ್ತ ಬಂದದ್ದನ್ನೂ ನೋಡಿದ. ಎದ್ದು ಒಂದು ಬಟ್ಟೆ ತಂದುಕೊಡಬೇಕು ಎಂದುಕೊಳ್ಳುತ್ತಿರುವಾಗಲೇ ಅವಳೇ ಹೋಗಿ ಸುತ್ತಿಕೊಂಡು ಬಂದಳು.

ಮಾರನೆಯ ದಿನ ಭಾವ ಕುರ್ಚಿಯ ಮೇಲೆ ಕೂತು, ಜಗ್ಗಿ ನೋಡಿ, ಉಬ್ಬಿಹೋದ. "ನಾನು ಹೇಳ್ಲಿಲ್ವೇನೇ? ಆಸೆ ತೋರಿಸಿದ್ರೆ ಕಲ್ಲೂ ಎದ್ದು ಓಡುತ್ತೆ." ಅಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅಂದೇ ಹೊಸ ಚಡ್ಡಿ ತೊಟ್ಟು ಆಮೇಲಪ್ಪ ಕೊಳದ ಅಂಚಿನಲ್ಲಿ ನಿಂತ. ನಿಂತೇ ಇದ್ದ. ಕಾದು ಕಾದು ಭಾವ ತಮಾಷೆಗೆ ಹಿಂದಿನಿಂದ ತಳ್ಳಿದ.

ನೀರು ಮೈಗೆ ತಾಗಿದ್ದೇ ತಡ, ಅವನು ಬಾಯಿ ತುಂಬ ನಕ್ಕ. ಆಹಾ, ಎಂಥ ಸುಖ. ಮುಳುಗಿ ಎದ್ದ, ಆಚೆ ತುದಿ ಮುಟ್ಟಿ ಬಂದ, ಅಂಗಾತ ತೇಲಿದ. ಈಜಲು ಬಂದ ನಾಲ್ಕು ಜನ ತಮ್ಮ ಈಜು ಬಿಟ್ಟು ಅವನನ್ನೇ ನೋಡಿದರು.

"ಇಷ್ಟು ಕಸುವು ಇಟ್ಕೊಂಡು ಇಷ್ಟು ವರ್ಷ ನಮ್ಗೆ ನಾಟಕ ತೋರಿಸಿದ್ಯಲ್ಲೋ," ಎಂದ ಭಾವ ನಗುತ್ತ. "ನಾಳೆಯಿಂದ ಕುರ್ಚಿ ಮೇಲೆ ಕುರ್ಚಿ ಕೊಡ್ತೀನಿ, ತಗೋ."

ಅವನ ನಗು ನಿಂತಿತು. ಕುತ್ತಿಗೆವರೆಗೆ ನೀರಿದ್ದರೂ ಎಲ್ಲರೆದುರು ಬೆತ್ತಲೆ ನಿಂತಂತೆ ನಾಚಿಕೆಯಾಯಿತು. ಕುರ್ಚಿಗೆ ಏಳದ ಕೈ ನೀರಿಗೆ ಎದ್ದದ್ದನ್ನು ಜನ ನೋಡಿಬಿಟ್ಟಿದ್ದರು. ನಿಜಕ್ಕೂ ನಾಟಕವೇ ಇರಬಹುದೇ ಎಂದು ಅವನಿಗೇ ಸಂಶಯ ಬಂತು. ಬಾಯಿ ಬಿಡದಿದ್ದರೆ ಮರ್ಯಾದೆ ಉಳಿಯುತ್ತದೆ. ಆದರೆ ನಾಳೆಯೂ ಅಕ್ಕನೇ ಹೆಣೆಯಬೇಕು.

"ಭಾವ, ಆ ಕುರ್ಚಿ ಹೆಣೆದಿದ್ದು ಅಕ್ಕ. ನಾನು ನೋಡ್ತಾ ಕೂತಿದ್ದೆ."

ಭಾವ ಅಂಚಿನಲ್ಲಿ ಕುಕ್ಕರಿಸಿದ. "ತರಕಾರಿ ಹೆಚ್ಚುವಾಗ ಬೆರಳು ಕುಯ್ಕೊಂಡೆ ಅಂದ್ಲಲ್ಲೋ ನಿಮ್ಮಕ್ಕ." ಆಮೇಲೆ ಮೆಲ್ಲಗೆ ಕೇಳಿದ, "ನಿಂಗೆ ಈಜು ಬೇಡ್ವಾಗಿತ್ತಾ?"

"ಬೇಕಿತ್ತು. ಬೇಕು ಅನ್ನೋದು ಕೈವರೆಗೂ ಬರಲ್ಲ ಭಾವ."

"ಈಗ ನಾನು ತಳ್ಳದೇ ಇದ್ದಿದ್ರೆ?"

"ನೀರು ನೋಡ್ಕೊಂಡು ಮನೆಗೆ ಬರ್ತಿದ್ದೆ."

ಮೈಗಳ್ಳ, ದಂಡಪಿಂಡ ಎಂದು ಮೂರು ಹೊತ್ತೂ ಅಂದ ಬಾಯಿ ಭಾವನದು. "ಮೇಲೆ ಬಾ, ಶೀತ ಆಗುತ್ತೆ," ಎಂದಷ್ಟೇ ಹೇಳಿದ.

ಏಣಿ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ಹತ್ತಬೇಕು ಎಂದುಕೊಂಡ. ಇಷ್ಟು ಹೇಳಿದ ಮೇಲೆ, ಇದೊಂದನ್ನಾದರೂ ತಾನೇ ಹತ್ತಬೇಕು ಎಂದುಕೊಂಡ. ಹಲ್ಲು ಕಟಕಟ ಎನ್ನತೊಡಗಿತು. ಕೊನೆಗೆ ಭಾವ ಮೊಣಕಾಲೂರಿ ಎರಡೂ ಕೈ ಚಾಚಿದ. ಆ ಕೈ ಹಿಡಿದು ಮೇಲೆ ಬರುವಾಗ ಅವನು ಭಾವನ ಮುಖ ನೋಡಲಿಲ್ಲ. ಭಾವನೂ ಅವನ ಮುಖ ನೋಡಲಿಲ್ಲ.