ಕುಲ್ಫಿಯ ಉಪ್ಪು, ವೈರಸ್ಸಿನ ಚಿಪ್ಪು

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹರಿಹರದಲ್ಲಿ ಪಶುವೈದ್ಯನಾಗಿದ್ದೆ. ಹತ್ತಿರದ ಸಾರಥಿ ಎಂಬ ಹಳ್ಳಿಯ ಪಕ್ಕದ ಊರಿಗೆ ದನಗಳ ಕಾಲುಬಾಯಿ ಜ್ವರ ಬಂದಿತ್ತು. ಸಾರಥಿಯ ರುದ್ರಮ್ಮನವರಿಗೆ ಇದ್ದದ್ದು ಒಂದೇ ಜರ್ಸಿ ಹಸು. ಅದರ ಹಾಲಿನಿಂದಲೇ ಮನೆ ನಡೆಯುತ್ತಿತ್ತು. "ಸೂಜಿ ಯಾವಾಗ್ರಿ?" ಎಂದು ಆಸ್ಪತ್ರೆಗೆ ಬಂದು ನನ್ನ ತಲೆ ತಿನ್ನುತ್ತಿದ್ದರು.

ಲಸಿಕೆಯನ್ನು ದಾವಣಗೆರೆಯಿಂದ ಐಸ್ ಡಬ್ಬಿಯಲ್ಲಿ ತರಬೇಕಿತ್ತು. ಅದರಲ್ಲಿರುವುದು ಕೊಂದ ವೈರಸ್. ವೈರಸ್ಸಿನ ಹೊರಚಿಪ್ಪಿಗೆ ಕ್ಯಾಪ್ಸಿಡ್ ಎನ್ನುತ್ತಾರೆ. ನಾಲ್ಕು ಬಗೆಯ ಪ್ರೋಟೀನುಗಳು, ತಲಾ ಅರವತ್ತು, ಒಂದಕ್ಕೊಂದು ಹೆಣೆದುಕೊಂಡು ಚೆಂಡಿನಂಥ ಚಿಪ್ಪಾಗುತ್ತವೆ. ಒಳಗಿನ ಆನುವಂಶಿಕ ವಸ್ತುವನ್ನು ಕಾಯುವುದು, ದನದ ಜೀವಕೋಶಕ್ಕೆ ಅಂಟಿಕೊಳ್ಳುವುದು ಅದರ ಕೆಲಸ. ದನದ ದೇಹ ಶತ್ರುವನ್ನು ಗುರುತಿಟ್ಟುಕೊಳ್ಳುವುದೂ ಈ ಚಿಪ್ಪಿನ ಆಕಾರದಿಂದಲೇ. ಬಿಸಿಯಾದರೆ ಚಿಪ್ಪು ಬಿಡಿಬಿಡಿಯಾಗುತ್ತದೆ. ಹೆಪ್ಪುಗಟ್ಟಿದರೂ ಲಸಿಕೆ ಕೆಡುತ್ತದೆ.

ಲಸಿಕೆ ತಂದ ದಿನ ಡಬ್ಬಿಗೆ ಐಸ್ ತುಂಬಿಕೊಟ್ಟವರು ಕುಲ್ಫಿ ಮಾರುವ ರಹೀಂ ಸಾಬರು. ಸಾರಥಿಗೆ ಹೋಗಿ ಮುಚ್ಚಳ ತೆಗೆದರೆ ಬಾಟಲಿಯೊಳಗೆ ಲಸಿಕೆ ಕಲ್ಲಾಗಿತ್ತು. ಅನುಮಾನ ಬಂದು ಐಸನ್ನು ನೆಕ್ಕಿ ನೋಡಿದೆ. ಉಪ್ಪು! ಐಸ್ ಇನ್ನೂ ತಣ್ಣಗಾಗಿ ಕುಲ್ಫಿ ಗಟ್ಟಿಯಾಗಲೆಂದು ಅದಕ್ಕೆ ಉಪ್ಪು ಬೆರೆಸುವುದು ಅವರ ಕಸುಬಿನ ರೂಢಿ. ನನ್ನ ಮೇಲಿನ ಅಕ್ಕರೆಗೆ ಒಂದು ಹಿಡಿ ಹೆಚ್ಚೇ ಹಾಕಿದ್ದರು.

"ಕರಗಿದ ಮ್ಯಾಲೆ ಹಾಕ್ರಿ," ಎಂದರು ರುದ್ರಮ್ಮ.

ಕರಗಿತು. ಅಲುಗಾಡಿಸಿದರೆ ಹಾಲು ಒಡೆದಂತೆ ಚೂರುಚೂರು.

"ಇದು ಕೆಟ್ಟೈತಮ್ಮ. ಹಾಕಿದ್ರೆ ನೀರು ಹಾಕ್ದಂಗೆ."

"ನೀರಾದ್ರೂ ಹಾಕ್ರಿ ಸಾಹೇಬ್ರೆ. ಮನಸ್ಸಿಗೆ ಸಮಾಧಾನ ಆಗ್ತೈತೆ."

ಬಾಟಲಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಸಿರಿಂಜ್ ಮುಟ್ಟಲಿಲ್ಲ.

"ಬ್ಯಾಡಮ್ಮ. ಸೂಜಿ ಆಗೈತೆ ಅಂತ ನಾಳೆ ಎಲ್ಲಾ ದನದ ಜೊತೆ ಮೇಯಾಕೆ ಬಿಡ್ತೀರಿ. ಮನೇಲೇ ಕಟ್ರಿ."

ಅವರು ಮುಖ ತಿರುಗಿಸಿ ಒಳಗೆ ಹೋದರು. ಮರುದಿನವೇ ಹೊಸ ಲಸಿಕೆ ತಂದು ಹಾಕಿದೆ. ರಹೀಂ ಸಾಬರು ಈ ಬಾರಿ ಉಪ್ಪಿನ ಡಬ್ಬಿಯನ್ನೇ ದೂರ ಸರಿಸಿ, "ಔಷಧಕ್ಕೆ ಇಷ್ಟು ತಂಪು ಆಗಲ್ಲ ಅಂತ ಗೊತ್ತಿರಲಿಲ್ರೀ ಡಾಕ್ಟ್ರೇ," ಎಂದು ಪೇಚಾಡಿದರು.

ರೋಗ ಸಾರಥಿಗೂ ಬಂತು. ರುದ್ರಮ್ಮನ ಹಸು ಉಳಿಯಿತು. ಲಸಿಕೆಯಿಂದಲೋ, ಅವರು ಬಿಚ್ಚದೆ ಇಟ್ಟ ಹಗ್ಗದಿಂದಲೋ, ಇಂದಿಗೂ ಖಚಿತವಾಗಿ ಹೇಳಲಾರೆ.

ಆಮೇಲೊಮ್ಮೆ ಅವರು ಹೇಳಿದರು: "ಅವತ್ತು ಬರಿಗೈಲಿ ಹೋದ್ರಲ್ಲ, ನಂಗೆ ನಿದ್ದೀನೇ ಬರಲಿಲ್ಲ."

ನೀರು ಚುಚ್ಚಿದ್ದರೆ ಬರುತ್ತಿತ್ತು. ಆ ನಿದ್ದೆಯನ್ನು ಕೊಡದೆ ಬಂದದ್ದೇ ನನ್ನ ವೃತ್ತಿ ನನಗೆ ಕಲಿಸಿದ ಕಷ್ಟದ ಚಿಕಿತ್ಸೆ.