ಗಾಜಿನೆಳೆ ಎಳೆದ ಕೈ

ಗುರುತ್ವದ ಅಲೆಗಳನ್ನು ಅರಸುವ ವಿದ್ಯೆಯಲ್ಲಿ ಲೆಕ್ಕ ಬಲ್ಲವರಿಗೆ ಬಂದಷ್ಟು ಹೆಸರು ಸಲಕರಣೆ ಕಟ್ಟಿದವರಿಗೆ ಬಂದಿಲ್ಲ. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದಾಗ ಏಳುವ ಕಂಪನ ನಮ್ಮ ತನಕ ಬರುವಷ್ಟರಲ್ಲಿ ಪರಮಾಣುವಿನ ತಿರುಳಿಗಿಂತ ಕಿರಿದಾಗಿರುತ್ತದೆ. ಅದನ್ನು ಹಿಡಿಯಲು ಮೈಲುದ್ದದ ಕೊಳವೆಗಳ ತುದಿಯಲ್ಲಿ ನಲವತ್ತು ಕಿಲೋ ತೂಕದ ಕನ್ನಡಿಗಳು ಅಲುಗದೆ ತೂಗಬೇಕು. ಅವುಗಳನ್ನು ಹೊರುವ, ಹೊಲಿಗೆ ದಾರದಷ್ಟೇ ದಪ್ಪದ ಗಾಜಿನ ಎಳೆಗಳನ್ನು ಮೂವತ್ತೊಂದು ವರ್ಷ ಕೈಯಾರೆ ಎಳೆದವರು, ಪ್ರಯೋಗಾಲಯವೆಲ್ಲ ‘ಗಾಜಿನಕ್ಕ’ ಎಂದೇ ಕರೆಯುವ ನನ್ನ ಗುರುಗಳು.

ಗಾಜು ಊದುವ ಕುಶಲಕರ್ಮಿಯೊಬ್ಬರ ಮಗಳಾದ ಅಕ್ಕ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಇಲ್ಲಿಗೆ ಬಂದರು. ಅವರ ಸೇವೆಯ ಹದಿನೆಂಟನೆಯ ವರ್ಷ ನಾನು ಅವರ ವಿದ್ಯಾರ್ಥಿಯಾದೆ. ಇಪ್ಪತ್ತನೆಯ ವರ್ಷ ಅವರ ಕೆಲಸ ಕೆಡಿಸಿದೆ. ತೂಗುಹಾಕಿದ ಕನ್ನಡಿಯ ಚೌಕಟ್ಟಿಗೆ ಬೋಲ್ಟ್ ಬಿಗಿಯುವಾಗ ಸ್ಪ್ಯಾನರ್ ಜಾರಿ ಎಳೆಯೊಂದಕ್ಕೆ ತಾಗಿತು. ಕನ್ನಡಿಯನ್ನು ಹೊತ್ತ ನಾಲ್ಕರಲ್ಲಿ ಒಂದು ಹೋದದ್ದೇ ಉಳಿದ ಮೂರೂ ಹೋದವು. ಕನ್ನಡಿಯ ಅಂಚು ಸೀಳಿತು, ಏಳು ತಿಂಗಳ ದುಡಿಮೆ ಮಣ್ಣುಪಾಲಾಯಿತು. ಯೋಜನೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ಪರಿಶೀಲಿಸುವ ಸಮಿತಿ ಬರಲು ಎರಡೇ ವಾರವಿತ್ತು.

ಮರುದಿನದ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತರು. “ಎಳೆಗೆ ಕಾವಲು ಕಟ್ಟದೆ ಬೋಲ್ಟ್ ಬಿಗಿಯೋಕೆ ಬಿಟ್ಟದ್ದು ನಾನು. ತಪ್ಪು ನಂದು.”

“ಹಾಗಂತ ಬರೆದುಕೊಡ್ತೀರಾ ಮೇಡಂ?” ಎಂದರು ನಿರ್ದೇಶಕರು.

“ಬರೆದೇ ತಂದಿದ್ದೀನಿ.”

ಆ ಕಾಗದದಿಂದ ಅವರ ಬಡ್ತಿ ಮೂರು ವರ್ಷ ನಿಂತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಕಚೇರಿಯ ಗುಮಾಸ್ತರ ಬಾಯಿಂದ. ಆ ದಿನವೇ ನಾನು ಬಿಟ್ಟುಹೋಗುವೆನೆಂದು ಅಕ್ಕನಿಗೆ ಪತ್ರ ಕೊಟ್ಟೆ. ಅವರು ಓದಿ, ನಾಲ್ಕು ಮಡಿಕೆ ಮಡಚಿ, ಮೇಜಿನ ಕುಂಟು ಕಾಲಿನಡಿ ಇಟ್ಟರು. “ಬಹಳ ದಿನದಿಂದ ಅಲ್ಲಾಡ್ತಿತ್ತು. ನೋಡು, ಒಂದು ಸಲ ಎಳೆ ಮುರಿದ ಕೈ ಇನ್ಮೇಲೆ ಹುಷಾರಾಗಿರುತ್ತೆ. ಹೊಸಬರನ್ನ ತಂದ್ರೆ ಅವರೂ ಒಂದು ಮುರೀಬೇಕು. ಬಾ, ಕೂತ್ಕೋ.”

ಸಮಿತಿ ಗೊಣಗಿಕೊಂಡೇ ಒಂದು ವರ್ಷ ಕೊಟ್ಟಿತು. ನಾವಿಬ್ಬರೂ ಉರಿಯ ಮುಂದೆ ಕುಳಿತು ಎಳೆದ ಎಂಬತ್ತೇಳು ಎಳೆಗಳಲ್ಲಿ ಪರೀಕ್ಷೆಗೆ ನಿಂತವು ನಾಲ್ಕೇ. ಅವುಗಳಲ್ಲಿ ಎರಡು ನಾನು ಎಳೆದವು.

ಆರು ವರ್ಷದ ಬಳಿಕ ಒಂದು ಬೆಳಿಗ್ಗೆ, ಸೆಕೆಂಡಿನ ಐದನೇ ಒಂದರಷ್ಟು ಹೊತ್ತು, ಅಲೆ ಬಂತು. ನಾವೆಲ್ಲ ತಬ್ಬಿಕೊಂಡು ನಗುತ್ತಿದ್ದರೆ ಅಕ್ಕ ಕನ್ನಡಿ ಅಲುಗಿಸಿರಬಹುದಾದ ಪಂಪುಗಳ, ಲಾರಿಗಳ, ಗಾಳಿಯ ದಾಖಲೆ ಕೇಳಿದರು. ಅದು ಸುಳ್ಳೆಂದು ಸಾಧಿಸಲು ಹತ್ತೊಂಬತ್ತು ದಿನ ಹೆಣಗಿದರು. ಇಪ್ಪತ್ತನೆಯ ದಿನ ಅಲೆ ನಿಜವೆಂದು ಸಹಿ ಹಾಕಿ, ಮೊಗಸಾಲೆಗೆ ಹೋಗಿ ತಂದೆಗೆ ಫೋನ್ ಮಾಡಿದರು. “ಅಪ್ಪಾ, ಎಳೆ ತಡೀತು.” ಹಿರಿಯರಿಗೆ ಕಿವಿ ಮಂದ. ಆದ್ದರಿಂದ ಎರಡನೆಯ ಸಲ ಅವರು ಹೇಳಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು.

ಈಗ ಅಕ್ಕನ ನಿವೃತ್ತಿಗೆ ಏನು ಕೊಡೋಣ ಎಂದು ಕೇಳಿದ್ದಕ್ಕೆ, “ಫಲಕ ಬೇಡ, ಹೊಸ ಬರ್ನರ್ ಕೊಡಿ” ಎಂದಿದ್ದಾರೆ. ತಂದಿದ್ದೇವೆ. ಅದರ ಉರಿಯ ಮುಂದೆ ಅಕ್ಕ ಆಯುರಾರೋಗ್ಯದಿಂದ ನೂರ್ಕಾಲ ಕೂರಲಿ. ತಿದ್ದಲು ನಮ್ಮಂಥ ಒರಟು ಕೈಗಳು ಅವರಿಗೆ ಸಿಗುತ್ತಲೇ ಇರಲಿ.