ಓರಗಿತ್ತಿಯ ಪೆಟ್ಟಿಗೆ

ಬೆಸುಗೆಯಕ್ಕ ತನ್ನ ಓರಗಿತ್ತಿಯನ್ನು ಮೊದಲು ಕಂಡ ದಿನವೇ ಮುಖ ಗಂಟಿಕ್ಕಿಕೊಂಡಳು. ಮೈದುನನ ಹೊಸ ಹೆಂಡತಿ ಊಟಕ್ಕೆ ಕೂರುವ ಮೊದಲೇ ಮುಂಗೋಣೆಯ ಅಂಗಡಿ ಹೊಕ್ಕು, ಕೂದಲೆಳೆಯಂಥ ತಂತಿಯನ್ನು ಒಂದೇ ಸಲಕ್ಕೆ ಬೆಸೆದಳು.

“ಇವಳಿಗೆ ಕೈಯಲ್ಲೇ ಕಣ್ಣಿದೆ ನೋಡು” ಎಂದರು ಅತ್ತೆ. ಮದುವೆಯಾದಂದಿನಿಂದ ಅಲ್ಲೇ ಬೆಸುಗೆಯ ಹೊಗೆ ಕುಡಿದಿದ್ದ ಹಿರಿಸೊಸೆಗೆ ಅಂಥ ಮಾತು ಒಮ್ಮೆಯೂ ಸಿಕ್ಕಿರಲಿಲ್ಲ.

ಆ ಅಂಗಡಿಯಲ್ಲಿ ಮಾಡುತ್ತಿದ್ದುದು ಕವಲು ಪೆಟ್ಟಿಗೆ. ಹಾಡುವವರ ಮೈಕಿನ ದನಿ ಅದರೊಳಗೆ ಎರಡಾಗಿ, ಒಂದು ಸಭಾಂಗಣದ ಸ್ಪೀಕರಿಗೂ ಇನ್ನೊಂದು ರೆಕಾರ್ಡಿಂಗಿಗೂ ಹೋಗುತ್ತದೆ. ಎರಡೂ ಕಡೆಯ ಯಂತ್ರಗಳಿಗೆ ಅವುಗಳದೇ ಅರ್ತ್, ಎಂದರೆ ನೆಲಕ್ಕಿಳಿಯುವ ತಂತಿ, ಉಂಟು. ಪೆಟ್ಟಿಗೆಯೊಳಗೆ ಆ ಎರಡು ಅರ್ತ್‌ಗಳು ಕೈ ಕೈ ಹಿಡಿದರೆ ಗುಂಯ್ ಎಂಬ ಸದ್ದು ಹುಟ್ಟುತ್ತದೆ. ಬೆಸುಗೆಯಕ್ಕನ ಪೆಟ್ಟಿಗೆಗಳು ಆಗಾಗ ಗುಂಯ್‌ಗುಡುತ್ತಿದ್ದವು. ಓರಗಿತ್ತಿ ರೆಕಾರ್ಡಿಂಗ್ ಕಡೆಗೆ, ತಂತಿಗೆ ತಂತಿ ತಾಗಿಸದೆಯೇ ದನಿ ದಾಟಿಸುವ ಟ್ರಾನ್ಸ್‌ಫಾರ್ಮರ್ ಕೂರಿಸಿ, ಅತ್ತ ಹೋಗುವ ಅರ್ತ್ ತಂತಿಯನ್ನು ಬಿಡಿಸಲು ಸ್ವಿಚ್ಚೊಂದನ್ನು ಹಾಕಿದಳು. ಗಿರಾಕಿಗಳು “ಚಿಕ್ಕವರು ಮಾಡಿದ್ದೇ ಕೊಡಿ” ಎನ್ನತೊಡಗಿದರು. ಹಿರಿಯವಳ ಹೊಟ್ಟೆಯೊಳಗೆ ಕಾದ ಬೆಸುಗೆ ಕಡ್ಡಿ ಇಟ್ಟಂತಾಯಿತು.

ಒಮ್ಮೆ ದೊಡ್ಡ ಸಭಾಂಗಣದವರು ಪರೀಕ್ಷೆಗೆಂದು ಓರಗಿತ್ತಿ ಕಟ್ಟಿದ ಪೆಟ್ಟಿಗೆ ತರಿಸಿದರು. ಒಪ್ಪಿಗೆಯಾದರೆ ಅಲ್ಲಿನ ಕೆಲಸವೆಲ್ಲ ಓರಗಿತ್ತಿಯದು. ಬೆಸುಗೆಯಕ್ಕನಿಗೆ ಉಳಿಯುವುದು ವೈರು ಸುಲಿಯುವ ಕೆಲಸ. ಇಬ್ಬರೂ ಹೋದರು. ಹಾಡುವಾಕೆ ಮೈಕು ಹಿಡಿದಳು. ಪೆಟ್ಟಿಗೆ ಗುಂಯ್ ಎಂದಿತು.

“ಅಕ್ಕ, ಸ್ವಿಚ್ ಹಾಕಿದ್ರೂ ನಿಲ್ತಾ ಇಲ್ಲ. ಏನಿರಬಹುದು?”

“ಕೈಯಲ್ಲಿ ಕಣ್ಣಿರೋಳು ನೀನು. ನನ್ನ ಕೇಳ್ತೀಯಲ್ಲ ತಾಯಿ.”

ಬೆಸುಗೆಯಕ್ಕನಿಗೆ ಕಾರಣ ಆಗಲೇ ಹೊಳೆದಿತ್ತು. ಸ್ವಿಚ್ಚು ಅರ್ತ್ ತಂತಿಯನ್ನು ಬಿಡಿಸಿದರೂ, ರೆಕಾರ್ಡಿಂಗ್ ಕೇಬಲ್ಲಿನ ಲೋಹದ ತಲೆ ಸಾಕೆಟ್ಟಿನ ಮೂಲಕ, ಸ್ಪೀಕರ್ ಕಡೆಯ ಅರ್ತ್ ಸೇರಿದ್ದ ಪೆಟ್ಟಿಗೆಯ ಲೋಹದ ಮೈಗೆ ತಗುಲುತ್ತಿತ್ತು. ಬಾಗಿಲು ಮುಚ್ಚಿದರೂ ಕಿಟಕಿಯಿಂದ ನುಗ್ಗುವ ಕಳ್ಳನಂತೆ, ಅರ್ತ್ ಆ ದಾರಿಯಿಂದ ಒಳಬರುತ್ತಿತ್ತು. ಅವಳು ಕುರ್ಚಿಗೊರಗಿ ಕೂತಳು. ಎಷ್ಟೋ ದಿನಗಳ ಮೇಲೆ ಉಸಿರು ಹಗುರಾಗಿತ್ತು.

ಸಭಾಂಗಣದ ಮೇಲ್ವಿಚಾರಕರ ಮುಖ ಬಿಗಿಯಿತು. ಗಾಬರಿಯಾದ ಓರಗಿತ್ತಿ ಸ್ಕ್ರೂಡ್ರೈವರ್ ತೆಗೆದುಕೊಂಡು ರೆಕಾರ್ಡಿಂಗ್ ಯಂತ್ರದ ಕರೆಂಟು ಪ್ಲಗ್ಗಿನ ಬಳಿ ಕುಕ್ಕರಗಾಲಲ್ಲಿ ಕೂತಳು. “ಇದರ ಅರ್ತ್ ವೈರೇ ಕಳಚಿಬಿಡ್ತೀನಿ, ಸದ್ದು ನಿಲ್ಲುತ್ತೆ.”

ಸದ್ದೇನೋ ನಿಲ್ಲುತ್ತಿತ್ತು. ಆದರೆ ಎಂದಾದರೂ ಕರೆಂಟು ಯಂತ್ರದ ಹೊರಮೈಗೆ ಹರಿದರೆ, ಅದನ್ನು ನೆಲಕ್ಕಿಳಿಸುವ ತಂತಿಯಿಲ್ಲದೆ ಆ ಯಂತ್ರ ಮುಟ್ಟಿದವರ ಗತಿ? ಬೆಸುಗೆಯಕ್ಕ ಕಣ್ಣು ಮುಚ್ಚಿದಳು, ತೆರೆದಳು.

“ಏಯ್, ಅದನ್ನ ಮುಟ್ಬೇಡ. ಏಳು ಮೇಲೆ.”

ಅವಳೇ ಪೆಟ್ಟಿಗೆಯಿಂದ ರೆಕಾರ್ಡಿಂಗ್ ಸಾಕೆಟ್ಟನ್ನು ಕಳಚಿ, ಲೋಹಕ್ಕೆ ಲೋಹ ತಾಗದಂತೆ ಟೇಪು ಸುತ್ತಿ ಹೊರಗೆ ಇಳಿಬಿಟ್ಟಳು. ಸದ್ದು ಅಡಗಿತು.

“ಅಕ್ಕ, ಮೊದಲೇ ಹೇಳಬಾರದಿತ್ತಾ?”

“ಹೇಳಬಾರದು ಅಂತಲೇ ಕೂತಿದ್ದೆ.”

ಮೇಲ್ವಿಚಾರಕರು ಓರಗಿತ್ತಿಯತ್ತಲೇ ತಿರುಗಿ, “ಪರವಾಗಿಲ್ಲ, ಚೆನ್ನಾಗಿ ಸರಿಮಾಡಿದಿರಿ” ಎಂದರು. ಕೆಲಸ ಅವಳಿಗೇ ಸಿಕ್ಕಿತು.

ಈಗ ಓರಗಿತ್ತಿ ಪೆಟ್ಟಿಗೆ ಕಟ್ಟುತ್ತಾಳೆ, ಸಾಕೆಟ್ಟಿನ ಸುತ್ತ ಪ್ಲಾಸ್ಟಿಕ್ ಕೂರಿಸುತ್ತಾಳೆ. ಬೆಸುಗೆಯಕ್ಕ ಮೀಟರು ಹಿಡಿದು, ಎಲ್ಲಾದರೊಂದು ತಪ್ಪು ಸಿಕ್ಕೀತೆಂಬ ಆಸೆಯಿಂದ ಪ್ರತಿಯೊಂದನ್ನೂ ಜಾಲಾಡುತ್ತಾಳೆ. ಅವಳ ಕೈದಾಟಿದ ಪೆಟ್ಟಿಗೆ ಹಿಂದಿರುಗಿ ಬಂದದ್ದಿಲ್ಲ. “ಇವತ್ತೂ ಏನೂ ಸಿಗಲಿಲ್ವೇನೇ?” ಎಂದು ಅತ್ತೆ ಕೆಣಕುತ್ತಾರೆ. ಅವಳು ಆಗಷ್ಟೇ ಮುಚ್ಚಿದ್ದ ಪೆಟ್ಟಿಗೆಯನ್ನು ಮತ್ತೆ ಬಿಚ್ಚುತ್ತಾಳೆ.